ಉಣ್ಣಾಕ ಪುರಸೊತ್ತ ಬೇಕ್ರಿ

ಫ್ರಾನ್ಸಿನ ಲಿಯಾನ್‌ನಲ್ಲಿ ನಮ್ಮ ಆಫೀಸಿನ ಹಿರಿಯರೊಬ್ಬರು ನಿವೃತ್ತರಾದಾಗ ತಂಡದವರನ್ನೆಲ್ಲ ಒಂದು ದೊಡ್ಡ ಹೋಟೆಲಿಗೆ ಊಟಕ್ಕೆ ಕರೆದರು. ಒಳ್ಳೆಯ ಅಡುಗೆಗೆಂದು ಮಿಶೆಲಿನ್ ಗೈಡ್ ಎಂಬ ಪುಸ್ತಕ ಕೊಡುವ ಸ್ಟಾರ್ ಇರುವ ಜಾಗ. ಮಾಂಸ, ಮೀನು ತಿನ್ನುವುದಿಲ್ಲ ಎಂದು ಮೊದಲೇ ತಿಳಿಸಿದ್ದೆ. ನಾಲ್ಕು ಎಲೆ ಸೊಪ್ಪು ಇಟ್ಟು ಸುಮ್ಮನಾಗುತ್ತಾರೆ ಎಂದುಕೊಂಡೇ ಹೋದೆ. ನನ್ನ ಮುಂದೆ ಬಂದದ್ದು ಒಂದು ಬದನೆಕಾಯಿ. ಇಡಿಯಾಗಿ ಕೆಂಡದ ಮೇಲೆ ಸುಟ್ಟು, ಸಿಪ್ಪೆ ತೆಗೆದು, ಮೇಲೆ ಒಂದಿಷ್ಟು ಎಣ್ಣೆ, ಹುರಿದ ಬೀಜ. ಬಡಿಸಿದ ಹುಡುಗ ಅದು ಯಾವ ಊರಿನ ತೋಟದ್ದು, ಎಷ್ಟು ಹೊತ್ತು ಕೆಂಡದ ಮೇಲಿತ್ತು ಎಂದು ಎರಡೇ ಮಾತಿನಲ್ಲಿ ಹೇಳಿ ಹಿಂದೆ ಸರಿದ. ಮೇಜಿನ ಸುತ್ತ ಇದ್ದವರೆಲ್ಲ ಮಾತು ನಿಲ್ಲಿಸಿ ತಮ್ಮ ತಮ್ಮ ತಟ್ಟೆ ನೋಡಿದರು, ಆಮೇಲೆ ಉಂಡರು. ಉಂಡ ಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಆ ಬಿಡುವಿನಲ್ಲಿ ಬದನೆಕಾಯಿಯ ರುಚಿ ಬಾಯಲ್ಲಿತ್ತು, ಮಾತೂ ಅದರದೇ ಇತ್ತು.

ನನಗೆ ಖುಷಿಯಾಯಿತು. ಅದರ ಬೆನ್ನಿಗೇ ಸಂಕಟವಾಯಿತು. ಬಸವನ ಬಾಗೇವಾಡಿ ಸೀಮೆಯ ನಮ್ಮ ಮನೆಯಲ್ಲಿ ಅವ್ವ ಮಾಡುವ ಎಣಗಾಯಿಯ ಮುಂದೆ ಆ ಬದನೆಕಾಯಿ ಏನೂ ಅಲ್ಲ. ಶೇಂಗಾ, ಎಳ್ಳು, ಗುರೆಳ್ಳು ಒಂದೊಂದನ್ನೂ ಬೇರೆಯಾಗಿ ಹುರಿಯಬೇಕು, ಒಣ ಕೊಬ್ಬರಿ ಹದವಾಗಿ ಕೆಂಪಾಗಬೇಕು, ಜವಾರಿ ಮುಳಗಾಯಿಯ (ಬದನೆಕಾಯಿಯ) ತೊಟ್ಟು ಬಿಡಿಸದೆ ನಾಲ್ಕಾಗಿ ಸೀಳಿ ತುಂಬಬೇಕು, ಎಣ್ಣೆ ಬಿಟ್ಟುಕೊಳ್ಳುವ ತನಕ ಸಣ್ಣ ಉರಿಯಲ್ಲಿ ಕಾಯಬೇಕು. ಮುಂಜಾನೆಯೆಲ್ಲ ಹಿಡಿದ ಆ ಕೆಲಸವನ್ನು ನಾವು ಹತ್ತು ನಿಮಿಷದಲ್ಲಿ ಉಂಡು ಮುಗಿಸುತ್ತೇವೆ. ಕೈ ತೊಳೆದವರೇ ಫೋನ್ ಹಿಡಿದು ಕಟ್ಟೆಗೆ ಹೋಗುತ್ತೇವೆ. ಪಲ್ಯ ಹೇಗಿತ್ತು ಎಂದು ಯಾರೂ ಹೇಳುವುದಿಲ್ಲ. ಉಪ್ಪು ಹೆಚ್ಚಾದ ದಿನ ಮಾತ್ರ ಹೇಳುತ್ತೇವೆ.

ಒಂದಾದ ಮೇಲೊಂದು ಬಡಿಸುವ ಈ ಪದ್ಧತಿ ಫ್ರೆಂಚರಿಗೇನೂ ಆದಿಯಿಂದ ಬಂದದ್ದಲ್ಲ. ಹತ್ತೊಂಬತ್ತನೆಯ ಶತಮಾನ ಬರುವ ತನಕ ಅವರ ಸಿರಿವಂತರ ಮೇಜಿನ ಮೇಲೂ ಹತ್ತಾರು ಬಗೆಗಳನ್ನು ಒಟ್ಟಿಗೇ ತಂದು ಇಡುತ್ತಿದ್ದರು. ಒಂದೊಂದನ್ನೇ ಬಿಸಿಯಾಗಿ ತರುವುದನ್ನು ರಷ್ಯದವರನ್ನು ನೋಡಿ ಕಲಿತರು. ಅಂದರೆ ಊಟದ ರೀತಿ ರಕ್ತದಲ್ಲಿ ಇರುವುದಲ್ಲ, ಬೇಕೆಂದರೆ ಬದಲಾಯಿಸಿಕೊಳ್ಳಬಹುದು. 2010ರಲ್ಲಿ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡದ್ದು ಇವರ ದೊಡ್ಡ ಹೋಟೆಲುಗಳನ್ನಲ್ಲ, ಒಂದು ಭಕ್ಷ್ಯವನ್ನೂ ಅಲ್ಲ. ಮದುವೆ, ಹುಟ್ಟುಹಬ್ಬಗಳಲ್ಲಿ ಮನೆಮಂದಿ, ಗೆಳೆಯರು ಕೂಡಿ ಕಡಿಮೆಯೆಂದರೂ ನಾಲ್ಕು ಸರತಿಯಲ್ಲಿ ಉಣ್ಣುವ ಊಟವನ್ನು. ಕೆಲಸದ ದಿನವೂ ಅಷ್ಟೇ. ಕೆಲಸ ಮಾಡುವ ಜಾಗದಲ್ಲಿ ನೌಕರರನ್ನು ಊಟಕ್ಕೆ ಕೂರಿಸಬಾರದು ಎಂದು ಇವರ ಕಾರ್ಮಿಕ ಕಾನೂನೇ ಹೇಳುತ್ತದೆ. ಕೊರೊನಾ ಕಾಲದಲ್ಲಿ ಅದನ್ನು ಸಡಿಲಿಸಬೇಕಾಗಿ ಬಂದಾಗ ಅದೊಂದು ಸುದ್ದಿಯೇ ಆಯಿತು.

ನಮ್ಮ ಪಕ್ಕದ ಮನೆಯ ಅಜ್ಜಿ ಒಂದು ರವಿವಾರ ನನ್ನನ್ನು ಊಟಕ್ಕೆ ಕರೆದರು. ನಾನು ನೋಡುತ್ತಿದ್ದದ್ದು ಅವರನ್ನೇ. ಮುಂಜಾನೆ ಮಾಡಿಟ್ಟ ಸೂಪು, ಓವನ್ನಿನಲ್ಲಿ ತಾನೇ ಬೇಯುವ ತರಕಾರಿ, ಆಮೇಲೆ ಒಲೆಯೇ ಬೇಕಿಲ್ಲದ ಚೀಸು, ಕೊನೆಗೆ ಹಣ್ಣಿನ ಟಾರ್ಟ್. ಅಡುಗೆ ಮಾಡಿದ ಅಜ್ಜಿ ಮೊದಲ ತುತ್ತಿನಿಂದ ಕಡೆಯ ತನಕ ನಮ್ಮೊಂದಿಗೆ ಕುಳಿತೇ ಇದ್ದರು. ನಡುನಡುವೆ ಎದ್ದರೂ ಮರಳಿ ಬಂದು ಕುಳಿತರು. ಅವರು ಬಂದು ಕುಳಿತುಕೊಳ್ಳುವ ತನಕ ಅವರ ಮಗ, ಸೊಸೆ, ಮೊಮ್ಮಕ್ಕಳು ಯಾರೂ ಚಮಚ ಮುಟ್ಟಲಿಲ್ಲ.

ಆ ಹೊತ್ತಿಗೆ ನನಗೆ ಅವ್ವನ ನೆನಪಾಗದೆ ಇರುತ್ತದೆಯೇ? ನಮ್ಮಲ್ಲಿ ಬಿಸಿ ರೊಟ್ಟಿಯ ಊಟ. ಹಂಚಿನಿಂದ ಇಳಿದ ರೊಟ್ಟಿ ಉಬ್ಬು ಇಳಿಯುವುದರೊಳಗೆ ತಾಟಿಗೆ ಬರಬೇಕು. ಹಾಗೆ ಬರಬೇಕೆಂದರೆ ಒಬ್ಬರು ಹಿಟ್ಟು ನಾದುತ್ತ, ಬಡಿಯುತ್ತ, ಮೇಲೆ ನೀರು ಸವರುತ್ತ ಒಲೆಯ ಮುಂದೆಯೇ ಇರಬೇಕು. ಆ ಒಬ್ಬರು ಯಾವಾಗಲೂ ಅವ್ವ, ಇಲ್ಲವೆ ವೈನಿ. “ಅವ್ವಾ, ನೀನೂ ಕುಂಡ್ರು ಬಾ” ಅಂದರೆ, “ನೀವ್ ಉಣ್ರಿ ಮೊದ್ಲ, ರೊಟ್ಟಿ ಆರತಾವ” ಅನ್ನುತ್ತಾಳೆ. ಎಲ್ಲರದೂ ಆದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಆರಿದ ರೊಟ್ಟಿ, ತಳದಲ್ಲಿ ಉಳಿದ ಪಲ್ಯ. ಇಂಥ ಕೈಯಡುಗೆ ಮಾಡುವವಳು ತನ್ನ ಬಿಸಿ ರೊಟ್ಟಿಯನ್ನು ತಾನೇ ಉಣ್ಣದ ಮನೆಯಲ್ಲಿ, ರುಚಿ ಅಂದರೇನು ಎಂದು ಮಕ್ಕಳಿಗೆ ಯಾರು ಕಲಿಸಬೇಕು?

ಲಿಯಾನ್ ಊರು ಅಡುಗೆಯ ಹೆಂಗಸರನ್ನು ಹೆಸರಿಟ್ಟು ನೆನೆಯುತ್ತದೆ. ಸಿರಿವಂತರ ಮನೆಗಳಲ್ಲಿ ಅಡುಗೆಗಿದ್ದ ಹೆಂಗಸರು ಹೊರಬಿದ್ದು ತಮ್ಮದೇ ಊಟದ ಮನೆ ತೆರೆದರು, ಅವರನ್ನು ಇಲ್ಲಿ ಲಿಯಾನಿನ ತಾಯಂದಿರು ಎಂದೇ ಕರೆಯುತ್ತಾರೆ. ಅವರಲ್ಲಿ ಯೂಜೆನಿ ಬ್ರಾಜಿಯೇ ಎಂಬಾಕೆ ಚಿಕ್ಕಂದಿನಲ್ಲೇ ತಾಯಿ ಕಳೆದುಕೊಂಡು ಹೊಲಮನೆಗಳಲ್ಲಿ ದುಡಿದು ಬೆಳೆದವಳು. 1921ರಲ್ಲಿ ಊಟದ ಮನೆ ತೆರೆದು, 1933ರಲ್ಲಿ ತನ್ನ ಎರಡು ಊಟದ ಮನೆಗಳಿಗೆ ಮೂರು ಮೂರರಂತೆ ಆರು ಮಿಶೆಲಿನ್ ಸ್ಟಾರ್ ಪಡೆದಳು. ವಿಜಯಪುರದ ಓಣಿಗಳಲ್ಲಿ ಖಾನಾವಳಿಗಳಿಗೆ ರೊಟ್ಟಿ ಬಡಿದುಕೊಟ್ಟು ಸಂಸಾರ ನಡೆಸುವ ಹೆಂಗಸರು ಎಷ್ಟಿದ್ದಾರೆ! ಉಣ್ಣುವವರಿಗೆ ಅವರ ಹೆಸರು ಗೊತ್ತಿಲ್ಲ. ನಮ್ಮ ಜಿಲ್ಲೆಯ ಇಂಡಿ ಲಿಂಬೆಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕಿದೆ, ಆದರೆ ಉಪ್ಪಿನಕಾಯಿ ಬಡಿಸುವಾಗ ಇದು ನಮ್ಮ ಇಂಡಿ ಊರಿನದು ಎಂದು ಹೇಳುವ ರೂಢಿ ನಮ್ಮಲ್ಲಿ ಬಂದಿಲ್ಲ.

ಹೋದ ಸಲ ಊರಿಗೆ ಬಂದಾಗ ವಿಜಯಪುರದಲ್ಲಿ ಒಂದು ಮದುವೆಯಿತ್ತು. ಎಲೆಯಲ್ಲಿ ಇಪ್ಪತ್ತರ ಮೇಲೆ ಬಗೆ, ನಾಲ್ಕು ಸಿಹಿ. ಅಪ್ಪ ಇನ್ನೂ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು, ಅಷ್ಟರಲ್ಲಿ ಮುಂದಿನ ಪಂಕ್ತಿಯ ಒಬ್ಬರು ಹಿಂದೆ ಬಂದು ಕುರ್ಚಿಯ ಬೆನ್ನು ಹಿಡಿದು ನಿಂತರು. “ಮುಗೀತೇನ್ರಿ ಹಿರ್ಯಾರ?” ಅಪ್ಪ ಅನ್ನ, ಮಜ್ಜಿಗೆ ಬಿಟ್ಟು ಎದ್ದರು. ಹಾಗೆ ನಿಂತವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೂ ಹಸಿವೆ. ಆದರೆ ಇಪ್ಪತ್ತು ಬಗೆ ಮಾಡಿಸಲು ದುಡ್ಡಿರುವ ಮನೆಗೆ, ಎಪ್ಪತ್ತೈದು ದಾಟಿದ ಮುದುಕನೊಬ್ಬ ಕುಳಿತು ಮಜ್ಜಿಗೆ ಕುಡಿಯುವಷ್ಟು ಹೊತ್ತು ಕೊಡಲು ಆಗುವುದಿಲ್ಲವೆಂದರೆ ಅದಕ್ಕೆ ಬೀಗುವಂಥದ್ದೇನಿದೆ? ಬಗೆ ಹೆಚ್ಚಿದಷ್ಟೂ ನಾಲಿಗೆಗೆ ಒಂದೂ ನಿಲ್ಲುವುದಿಲ್ಲ. ಆ ಮದುವೆಯಲ್ಲಿ ಏನೇನು ಉಂಡೆ ಎಂದು ಕೇಳಿದರೆ ನಾನು ಮೂರು ಹೆಸರು ಹೇಳಲಾರೆ. ಆ ಬದನೆಕಾಯಿ ಮಾತ್ರ ಇನ್ನೂ ನೆನಪಿದೆ.

ಅಪ್ಪನನ್ನು ಕೇಳಿದರೆ ಬೇರೆ ಮಾತು ಬರುತ್ತದೆ. 1972ರ ಬರ ಉಂಡವರು ಅವರು. ಆಗ ತಾಟು ಮುಂದೆ ಬಂದಾಗ ಉಣ್ಣಬೇಕಿತ್ತು, ಉಂಡು ಎದ್ದು ಕೆಲಸಕ್ಕೆ ಹೋಗಬೇಕಿತ್ತು. ನಿಧಾನ ಮಾಡುವವನನ್ನು ಮನೆಯವರೇ ಗದರುತ್ತಿದ್ದರು. ಈಗ ನಮ್ಮ ಸೀಮೆಗೆ ಆಲಮಟ್ಟಿಯ ನೀರು ಬಂದಿದೆ, ಹೊಲದಲ್ಲಿ ಕಬ್ಬು, ದ್ರಾಕ್ಷಿ ನಿಂತಿವೆ, ಅವಸರ ಮಾತ್ರ ಹಾಗೇ ಇದೆ. ಅಪ್ಪನ ಅವಸರಕ್ಕೆ ಕಾರಣವಿದೆ. ನನ್ನ ಓರಿಗೆಯವರ ಅವಸರಕ್ಕೆ ಏನಿದೆ?

ಇಷ್ಟು ಹೇಳಿದ ಮೇಲೆ ಇಲ್ಲಿಯದನ್ನೂ ಹೇಳಬೇಕು. ಆ ದೊಡ್ಡ ಹೋಟೆಲಿನಲ್ಲಿ ನಾವು ನಿಧಾನವಾಗಿ ಉಣ್ಣುತ್ತಿದ್ದಾಗ ಒಳಗೆ ಅಡುಗೆಯವರು ಬೆವರಿಳಿಸಿಕೊಂಡು ನಿಂತೇ ಇದ್ದರು. ನಮ್ಮ ಬಿಡುವು ಅವರ ದುಡಿಮೆ. ಒಂದು ತಲೆಗೆ ಆ ಹೋಟೆಲಿನವರು ಪಡೆಯುವ ಹಣ ನೆನೆದರೆ ತುತ್ತು ಒಳಗಿಳಿಯುವುದು ಕಷ್ಟ. ಪಕ್ಕದ ಮೇಜಿನವರು ನಮ್ಮತ್ತ ತಿರುಗಿ ನೋಡುವುದಿಲ್ಲ, ಬಾಗಿಲಲ್ಲಿ ನಿಂತವನಿಗೆ “ಬರ್ರಿ, ಊಟಾ ಮಾಡೂಣು” ಎಂದು ಯಾರೂ ಅನ್ನುವುದಿಲ್ಲ. ದಾಸೋಹದಲ್ಲಿ ಸಾವಿರಾರು ಜನ ಕಾದಿರುವಾಗ ಬೇಗ ಉಂಡು ಏಳುವುದೇ ಧರ್ಮ, ಅಲ್ಲಿ ನಿಧಾನ ಮಾಡಿದರೆ ಹಸಿದವರಿಗೆ ಅನ್ಯಾಯ. ಇನ್ನೂ ಒಂದನ್ನು ಒಪ್ಪಬೇಕು: ನಿಧಾನ ನಮಗೆ ಗೊತ್ತಿಲ್ಲದ್ದಲ್ಲ. ಎಳ್ಳಮಾಸಿಗೆ, ಅಂದರೆ ಎಳ್ಳ ಅಮಾವಾಸ್ಯೆಯ ಹಬ್ಬಕ್ಕೆ, ಸಜ್ಜಿ ರೊಟ್ಟಿ ವಾರದ ಮೊದಲೇ ಬಡಿದು ಕಡಕ್ ಮಾಡಿರುತ್ತಾರೆ. ಕಡಬು, ಹೋಳಿಗೆ, ಪುಂಡಿಪಲ್ಯ, ಮೊಸರಬುತ್ತಿ ಎಲ್ಲ ಗಂಟಾಗಿ ಹೊಲಕ್ಕೆ ಬರುತ್ತದೆ. ಹೊಲಕ್ಕೆ ನೈವೇದ್ಯವಾಗಿ ಚರಗ ಚೆಲ್ಲಿ ಬನ್ನಿಗಿಡದ ಬುಡದಲ್ಲಿ ಕುಳಿತರೆ ಹೊತ್ತು ಇಳಿಯುವ ತನಕ ಯಾರೂ ಏಳುವುದಿಲ್ಲ. ಹೊಲದಲ್ಲಿ ಒಲೆಯಿಲ್ಲ, ಹಾಗಾಗಿ ಅವತ್ತು ಅವ್ವನೂ ಕುಳಿತಿರುತ್ತಾಳೆ. ವರ್ಷಕ್ಕೆ ಒಂದು ದಿನ ಸಾಧ್ಯವಾದದ್ದು ರವಿವಾರಕ್ಕೊಮ್ಮೆ ಏಕೆ ಆಗಬಾರದು? ಕಡಕ್ ರೊಟ್ಟಿ ಡಬ್ಬಿಯಲ್ಲಿ ಇದ್ದೇ ಇರುತ್ತದಲ್ಲ.

ಕಾಕಾನ ಮಗಳ ಮದುವೆ ಬರುವ ವೈಶಾಖದಲ್ಲಿದೆ. ಫೋನಿನಲ್ಲಿ ಕಾಕಾಗೆ ಹೇಳಿದೆ: ಎಣಗಾಯಿ, ಹೆಸರುಕಾಳ ಪಲ್ಯ, ಶೇಂಗಾ ಹಿಂಡಿ, ಮೊಸರು, ಒಂದೇ ಸಿಹಿ ಅಂದರೆ ಗೋಧಿ ಹುಗ್ಗಿ, ಅನ್ನ, ಸಾರು. ಉಳಿದ ದುಡ್ಡಿನಲ್ಲಿ ಪಕ್ಕದ ಇನ್ನೊಂದು ಹಾಲ್ ಹಿಡಿಯೋಣ, ಯಾರ ಕುರ್ಚಿಯ ಹಿಂದೆಯೂ ಯಾರೂ ನಿಲ್ಲುವುದು ಬೇಡ. ಮೊದಲ ಪಂಕ್ತಿಗೆ ಮುದುಕರನ್ನೂ ಹೆಣ್ಣುಮಕ್ಕಳನ್ನೂ ಕೂರಿಸಿ ನಾವು ಗಂಡಸರು ಬಡಿಸೋಣ. “ನಾಕ ಐಟಮ್ ಮಾಡಿದ್ರ ಬೀಗರ ಏನಂತಾರಪಾ?” ಅಂದರು ಕಾಕಾ. ಬೀಗರೊಂದಿಗೆ ನಾನೇ ಮಾತಾಡುತ್ತೇನೆ ಅಂದೆ. ಕಾಕಾ ಎರಡು ಸಿಹಿ ಬಿಡಲು ಒಪ್ಪಿದ್ದಾರೆ, ಹಾಲ್‌ನ ಬಾಡಿಗೆ ವಿಚಾರಿಸುತ್ತಿದ್ದಾರೆ. ಗಂಡಸರು ಬಡಿಸುವ ಮಾತಿಗೆ ಇನ್ನೂ ಹೂಂ ಅಂದಿಲ್ಲ.