ಚಂಡೆ ಕೇಳುತ್ತದೆ, ಹೆಜ್ಜೆ ಕಾಣುವುದಿಲ್ಲ

ಆಯಿಗೆ ಮಂಡಿನೋವು ಹೆಚ್ಚಾದ ಮೇಲೆ ರಾತ್ರಿಯಿಡೀ ಕುಳಿತು ಬಯಲಾಟ ನೋಡುವುದು ಸಾಧ್ಯವಾಗುತ್ತಿಲ್ಲ. ಹಾಗಾಗಿ ಶಿರಸಿಯ ಮನೆಯಲ್ಲಿರುವ, 2015ರಲ್ಲಿ ಕೊಂಡ ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ಟಿವಿಗೆ ಜೋಡಿಸಿ, ಯೂಟ್ಯೂಬಿನಲ್ಲಿ ಯಕ್ಷಗಾನದ ಎಚ್‌ಡಿ ವಿಡಿಯೊಗಳನ್ನು ನೋಡುವ ವ್ಯವಸ್ಥೆ ಮಾಡಿಕೊಟ್ಟಿದ್ದೆ. ಕೆಲವು ತಿಂಗಳ ಹಿಂದೆ ಅವರು ಫೋನಿನಲ್ಲಿ ಹೇಳಿದ ಮಾತು ಇದು: "ಚಂಡೆ ಕೇಳ್ತು, ಹೆಜ್ಜೆ ಕಾಣ್ತಿಲ್ಲೆ ತಮಾ." ಊರಿಗೆ ಹೋಗಿ ನೋಡಿದಾಗ ಅವರ ಮಾತು ಅಕ್ಷರಶಃ ನಿಜವಾಗಿತ್ತು. ಭಾಗವತರ ಪದ್ಯ, ಮದ್ದಳೆ, ಚಂಡೆ ಎಲ್ಲವೂ ಸರಾಗವಾಗಿ ಬರುತ್ತಿದ್ದವು. ಮಂಡಿಕುಣಿತ ಆರಂಭವಾದ ಕೂಡಲೇ ವೇಷ ಮಾತ್ರ ಒಂದು ಭಂಗಿಯಿಂದ ಇನ್ನೊಂದಕ್ಕೆ ನೆಗೆಯುತ್ತಿತ್ತು, ನಡುವಿನ ಚಲನೆಯೇ ಇರಲಿಲ್ಲ.

ಅಷ್ಟರಲ್ಲಾಗಲೇ ಪೇಟೆಯ ರಿಪೇರಿ ಅಂಗಡಿಯವರೊಬ್ಬರು ಯಂತ್ರವನ್ನು ಹತ್ತು ನಿಮಿಷ ನೋಡಿ, ಇದು ಹಳೆಯದಾಯಿತು, ಹೊಸದು ಕೊಳ್ಳಿ, ಜೊತೆಗೆ ನೆಟ್ಟಿನ ಪ್ಲ್ಯಾನ್ ಕೂಡ ದೊಡ್ಡದು ಮಾಡಿಸಿ ಎಂದು ಹೇಳಿ ಕಳುಹಿಸಿದ್ದರು. ಪಿಂಚಣಿಯಲ್ಲಿ ಬದುಕುವ ಹಿರಿಯರಿಗೆ ಏನನ್ನೂ ಅಳೆಯದೆ ಇಂತಹ ಸಲಹೆ ಕೊಡುವುದು ತಪ್ಪು ಎಂದು ನಾನು ದೃಢವಾಗಿ ನಂಬುತ್ತೇನೆ. ವಿಡಿಯೊ ಏಕೆ ತಡವರಿಸುತ್ತಿದೆ ಎಂಬುದನ್ನು ಕಾಲು ಗಂಟೆಯಲ್ಲಿ, ಒಂದು ರೂಪಾಯಿಯ ಖರ್ಚೂ ಇಲ್ಲದೆ ಕಂಡುಹಿಡಿಯಲು ಸಾಧ್ಯವಿದೆ, ಮತ್ತು ಯಾವುದನ್ನು ಕೊಳ್ಳಬೇಕು ಎಂಬ ಮಾತು ಅದರ ನಂತರವೇ ಬರಬೇಕು.

ಆಯಿಯ ಮಾತಿನಲ್ಲಿಯೇ ಮೊದಲ ಸುಳಿವು ಇತ್ತು. ನೆಟ್ ನಿಧಾನವಾಗಿದ್ದರೆ ದತ್ತಾಂಶ ಬಂದು ತಲುಪುವವರೆಗೆ ಚಿತ್ರವೂ ಧ್ವನಿಯೂ ಒಟ್ಟಿಗೆ ನಿಲ್ಲುತ್ತವೆ, ಪರದೆಯ ನಡುವೆ ಚಕ್ರ ತಿರುಗುತ್ತದೆ. ಧ್ವನಿ ಎಡೆಬಿಡದೆ ಬರುತ್ತಿದ್ದು ಚಿತ್ರ ಮಾತ್ರ ಮುಗ್ಗರಿಸುತ್ತಿದ್ದರೆ ದತ್ತಾಂಶ ಬಂದಿದೆ ಎಂದೇ ಅರ್ಥ, ಹಿಂಡಿ ಕಳುಹಿಸಿದ ಆ ದತ್ತಾಂಶವನ್ನು ಬಿಡಿಸಿ ಚಿತ್ರವಾಗಿ ತೋರಿಸುವ ಕೆಲಸ ಹಿಂದೆ ಬಿದ್ದಿರುತ್ತದೆ. ಪ್ಲೇಯರ್‌ಗಳು ಸಾಮಾನ್ಯವಾಗಿ ಧ್ವನಿಯನ್ನೇ ಗಡಿಯಾರವಾಗಿ ಇಟ್ಟುಕೊಂಡಿರುತ್ತವೆ. ಧ್ವನಿ ತುಂಡಾದರೆ ಕಿವಿಗೆ ತಕ್ಷಣ ತಿಳಿಯುತ್ತದೆಯಾದ್ದರಿಂದ ಅದನ್ನು ಕಾಯ್ದುಕೊಂಡು, ಸಮಯಕ್ಕೆ ಸಿದ್ಧವಾಗದ ಚಿತ್ರಗಳನ್ನು ಬಿಟ್ಟು ಮುಂದೆ ಹೋಗುತ್ತವೆ.

ಆ ಬಿಡಿಸುವ ಕೆಲಸ ಎಷ್ಟು ದೊಡ್ಡದೆಂಬುದನ್ನು ಲೆಕ್ಕ ಹಾಕಿ ನೋಡಬಹುದು. 1080ಪಿ ಎಂದರೆ ಒಂದು ಚಿತ್ರದಲ್ಲಿ 1920×1080, ಅಂದರೆ 20 ಲಕ್ಷಕ್ಕೂ ಹೆಚ್ಚು ಚುಕ್ಕೆಗಳು. ಸೆಕೆಂಡಿಗೆ 60 ಚಿತ್ರಗಳಂತೆ ಇವನ್ನು ಸಂಕುಚಿಸದೆ ಕಳುಹಿಸಿದರೆ ಸೆಕೆಂಡಿಗೆ ಸುಮಾರು 3 ಗಿಗಾಬಿಟ್ ಬೇಕಾಗುತ್ತದೆ, ನಮ್ಮ ಮನೆಗಳಿಗೆ ಬರುವುದು ಅದನ್ನು ಹಿಂಡಿ ಕೆಲವೇ ಮೆಗಾಬಿಟ್‌ಗೆ ಇಳಿಸಿದ ರೂಪ. ಹಿಂಡಿದ್ದನ್ನು ಮತ್ತೆ ಚಿತ್ರವಾಗಿಸಲು ಪ್ರತಿ ಚಿತ್ರಕ್ಕೂ ಸಿಗುವ ಅವಧಿ 16.7 ಮಿಲಿಸೆಕೆಂಡು ಮಾತ್ರ. ಚಿಪ್ಪಿನೊಳಗೆ ಇದಕ್ಕೆಂದೇ ಮೀಸಲಾದ ಭಾಗವಿದ್ದರೆ ಕೆಲಸ ಹಗುರವಾಗಿ ಸಾಗುತ್ತದೆ. ಇಲ್ಲವಾದರೆ ಸಾಮಾನ್ಯ ಪ್ರೊಸೆಸರೇ ಅದನ್ನೂ ಹೊರಬೇಕು.

ಇಲ್ಲಿ ಗಮನಿಸಬೇಕಾದದ್ದು ಲ್ಯಾಪ್‌ಟಾಪಿನ ವಯಸ್ಸಿಗಿಂತ ಹೆಚ್ಚಾಗಿ, ವಿಡಿಯೊವನ್ನು ಯಾವ ವಿಧಾನದಲ್ಲಿ ಹಿಂಡಲಾಗಿದೆ ಎಂಬುದನ್ನು. ಎಚ್.264 ಎಂಬ ವಿಧಾನ 2003ರದು, ಹತ್ತು-ಹನ್ನೆರಡು ವರ್ಷ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿಯೂ ಅದಕ್ಕೆ ಮೀಸಲು ಭಾಗ ಇರುತ್ತದೆ. ವಿಪಿ9 ಮತ್ತು ಎಚ್‌ಇವಿಸಿ ಬಂದದ್ದು 2013ರಲ್ಲಿ, ಎವಿ1 ಬಂದದ್ದು 2018ರಲ್ಲಿ. ಹೊಸ ವಿಧಾನಗಳು ಅಷ್ಟೇ ಗುಣಮಟ್ಟದ ಚಿತ್ರವನ್ನು ಕಡಿಮೆ ದತ್ತಾಂಶದಲ್ಲಿ ಕಳುಹಿಸುತ್ತವೆ, ಆದರೆ ಬಿಡಿಸುವಾಗ ಹೆಚ್ಚು ಶ್ರಮ ಕೇಳುತ್ತವೆ. ಇಂಟೆಲ್ ಚಿಪ್‌ಗಳನ್ನೇ ತೆಗೆದುಕೊಂಡರೆ, ವಿಪಿ9ಕ್ಕೆ ಪೂರ್ಣ ಮೀಸಲು ಭಾಗ ಬಂದದ್ದು ಏಳನೆಯ ತಲೆಮಾರಿನಲ್ಲಿ, ಎವಿ1ಕ್ಕೆ ಬಂದದ್ದು 2020ರ ಹನ್ನೊಂದನೆಯ ತಲೆಮಾರಿನಲ್ಲಿ. ನಮ್ಮ ಮನೆಯದು ಐದನೆಯ ತಲೆಮಾರಿನದು. ಇದರಲ್ಲಿ ಚಿಪ್ ಮಾಡಿದವರ ತಪ್ಪೂ ಇಲ್ಲ, ವಿಡಿಯೊ ಕಳುಹಿಸುವವರ ತಪ್ಪೂ ಇಲ್ಲ. ಇಬ್ಬರ ಕಾಲಮಾನ ಹೊಂದಿಕೆಯಾಗುತ್ತಿಲ್ಲ, ಅಷ್ಟೆ.

ಯೂಟ್ಯೂಬ್ ವಿಡಿಯೊದ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ಎಂಬುದನ್ನು ಆರಿಸಿದರೆ ಒಂದು ಸಣ್ಣ ಕಪ್ಪು ಫಲಕ ತೆರೆದುಕೊಳ್ಳುತ್ತದೆ. ಅದರಲ್ಲಿ ಕೋಡೆಕ್ಸ್ ಎಂಬ ಸಾಲು ವಿಡಿಯೊದ ವಿಧಾನವನ್ನು ತಿಳಿಸುತ್ತದೆ. ಎವಿಸಿ ಎಂದಿದ್ದರೆ ಅದು ಎಚ್.264. ಬಿಟ್ಟುಹೋದ ಚಿತ್ರಗಳ ಸಂಖ್ಯೆಯನ್ನು ಡ್ರಾಪ್ಡ್ ಎಂಬ ಪದದ ಪಕ್ಕದಲ್ಲಿ ಕಾಣಬಹುದು. ನಮ್ಮಲ್ಲಿ ವಿಧಾನ ವಿಪಿ9 ಎಂದಿತ್ತು, ಮುಂದಿನ ಹಲವು ಸೆಕೆಂಡುಗಳಿಗೆ ಸಾಕಾಗುವಷ್ಟು ದತ್ತಾಂಶ ಆಗಲೇ ಬಂದು ಕುಳಿತಿತ್ತು, ಮತ್ತು ಕುಣಿತದ ಭಾಗದಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಚಿತ್ರಗಳು ಬಿಟ್ಟುಹೋಗುತ್ತಿದ್ದವು. ನೆಟ್ಟಿನ ಪ್ಲ್ಯಾನ್ ಬದಲಿಸುವ ಮಾತು ಅಲ್ಲಿಗೆ ಮುಗಿಯಿತು. ಯಂತ್ರದ ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆದಾಗ ಪ್ರೊಸೆಸರ್ ನೂರಕ್ಕೆ ನೂರು ದುಡಿಯುತ್ತಿತ್ತು, ಜಿಪಿಯು, ಅಂದರೆ ಗ್ರಾಫಿಕ್ಸ್ ಭಾಗದ ಪುಟದಲ್ಲಿ ಮೀಸಲು ಭಾಗದ ಕೆಲಸವನ್ನು ತೋರಿಸುವ ವಿಡಿಯೊ ಡಿಕೋಡ್ ಗೆರೆ ಸೊನ್ನೆಯಲ್ಲಿಯೇ ಮಲಗಿತ್ತು. ಬ್ರೌಸರಿನ ಸೆಟ್ಟಿಂಗ್ಸಿನಲ್ಲಿ ಗ್ರಾಫಿಕ್ಸ್ ಆಕ್ಸಿಲರೇಷನ್ (ಇಂಥ ಕೆಲಸವನ್ನು ಗ್ರಾಫಿಕ್ಸ್ ಭಾಗಕ್ಕೆ ಒಪ್ಪಿಸುವ ಆಯ್ಕೆ) ಆಫ್ ಆಗಿದ್ದರೂ ಇದೇ ದೃಶ್ಯ ಕಾಣುತ್ತದೆ, ಆದ್ದರಿಂದ ಅದನ್ನು ಮೊದಲು ಪರೀಕ್ಷಿಸಿದೆ. ಅದು ಆನ್ ಆಗಿಯೇ ಇತ್ತು.

ಪರಿಹಾರ ಸಣ್ಣದು. ಯೂಟ್ಯೂಬಿನಿಂದ ಎಚ್.264 ರೂಪವನ್ನೇ ಕೇಳಿ ಪಡೆಯುವ ಉಚಿತ ಎಕ್ಸ್‌ಟೆನ್ಷನ್‌ಗಳು, ಅಂದರೆ ಬ್ರೌಸರಿಗೆ ಜೋಡಿಸುವ ಪುಟ್ಟ ತಂತ್ರಾಂಶಗಳು ಇವೆ, ಅಂಥದ್ದೊಂದನ್ನು ಬ್ರೌಸರಿಗೆ ಸೇರಿಸಿದೆ. ಪುಟವನ್ನು ಮತ್ತೆ ತೆರೆದಾಗ ಮಲಗಿದ್ದ ಗೆರೆ ಎದ್ದಿತು, ಪ್ರೊಸೆಸರಿನ ಹೊರೆ ಇಳಿಯಿತು, ವೇಷದ ಪ್ರತಿ ಸುತ್ತೂ ಕಂಡಿತು. ಇದಕ್ಕೊಂದು ಮಿತಿ ಇದೆ: ಯೂಟ್ಯೂಬಿನಲ್ಲಿ 1080ಪಿಗಿಂತ ಮೇಲಿನ ಗುಣಮಟ್ಟ ಸಾಮಾನ್ಯವಾಗಿ ಎಚ್.264 ರೂಪದಲ್ಲಿ ದೊರೆಯುವುದಿಲ್ಲ, ದತ್ತಾಂಶವೂ ಸ್ವಲ್ಪ ಹೆಚ್ಚು ಖರ್ಚಾಗುತ್ತದೆ. ಟಿವಿಗೆ ಜೋಡಿಸದೆ ಲ್ಯಾಪ್‌ಟಾಪಿನ 1366×768 ಚುಕ್ಕೆಗಳ ಪರದೆಯಲ್ಲಿಯೇ ನೋಡುವವರಾದರೆ ಇದೂ ಬೇಡ. ಆ ಪರದೆಗೆ 720ಪಿ ಸಾಕು, ಬಿಡಿಸಬೇಕಾದ ಚುಕ್ಕೆಗಳು ಅರ್ಧಕ್ಕಿಂತಲೂ ಕಡಿಮೆಯಾಗುತ್ತವೆ.

ಮರುದಿನ ಸಮಸ್ಯೆ ಬೇರೆ ವೇಷದಲ್ಲಿ ಮರಳಿತು. ಮುಕ್ಕಾಲು ಗಂಟೆ ಚೆನ್ನಾಗಿ ನಡೆದ ಪ್ರಸಂಗ ಆಮೇಲೆ ತಡವರಿಸತೊಡಗಿತು. ಆರಂಭದಲ್ಲಿ ಸರಿಯಿದ್ದು ಹೊತ್ತು ಕಳೆದಂತೆ ಕೆಡುವುದು ಶಾಖದ ಲಕ್ಷಣ. ಚಿಪ್ ಮಿತಿಮೀರಿ ಬಿಸಿಯಾದಾಗ ತನ್ನನ್ನು ರಕ್ಷಿಸಿಕೊಳ್ಳಲು ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, ಮತ್ತು ಟಾಸ್ಕ್ ಮ್ಯಾನೇಜರಿನಲ್ಲಿ ಆ ವೇಗವನ್ನು ತೋರಿಸುವ ಗಿಗಾಹರ್ಟ್ಜ್ ಸಂಖ್ಯೆ ನಿಜವಾಗಿಯೂ ಅರ್ಧಕ್ಕೂ ಕೆಳಗೆ ಇಳಿದಿತ್ತು. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲೆ ಇಡುತ್ತಿದ್ದರಿಂದ ತಳದ ಗಾಳಿಕಿಂಡಿ ಮುಚ್ಚಿಹೋಗುತ್ತಿತ್ತು. ಬಿಚ್ಚಿಸಿ ನೋಡಿದಾಗ ಫ್ಯಾನಿನ ಮುಂದಿನ ಲೋಹದ ರೆಕ್ಕೆಗಳ ಸಂದಿಯಲ್ಲಿ ಧೂಳು ಬಟ್ಟೆಯಂತೆ ಹೆಪ್ಪುಗಟ್ಟಿತ್ತು. ಧೂಳು ತೆಗೆಸಿ, ಚಿಪ್ಪಿನ ಮೇಲೆ ಒಣಗಿಹೋಗಿದ್ದ, ಶಾಖವನ್ನು ಹೊರಸಾಗಿಸುವ ಥರ್ಮಲ್ ಪೇಸ್ಟನ್ನು ಬದಲಿಸಿ, ಗಟ್ಟಿ ಹಲಗೆಯ ಮೇಲೆ ಇಟ್ಟ ನಂತರ ಎರಡೂವರೆ ಗಂಟೆಯ ಪ್ರಸಂಗ ಒಮ್ಮೆಯೂ ಮುಗ್ಗರಿಸಲಿಲ್ಲ.

ಭಾವನ ಲ್ಯಾಪ್‌ಟಾಪಿನಲ್ಲಿ ಕಾರಣ ಬೇರೆಯೇ ಆಗಿತ್ತು. ವಿಂಡೋಸನ್ನು ಹೊಸದಾಗಿ ಹಾಕಿಸಿದ ಮೇಲೆ ಯಾರೂ ಗ್ರಾಫಿಕ್ಸ್ ಡ್ರೈವರ್, ಅಂದರೆ ಗ್ರಾಫಿಕ್ಸ್ ಭಾಗವನ್ನು ನಡೆಸುವ ತಂತ್ರಾಂಶ ಹಾಕಿರಲಿಲ್ಲ. ಡಿವೈಸ್ ಮ್ಯಾನೇಜರಿನ ಡಿಸ್‌ಪ್ಲೇ ವಿಭಾಗದಲ್ಲಿ 'ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂಬ ಹೆಸರು ಕಂಡರೆ ಯಂತ್ರ ತನ್ನ ಗ್ರಾಫಿಕ್ಸ್ ಶಕ್ತಿಯನ್ನು ಬಳಸುತ್ತಲೇ ಇಲ್ಲ ಎಂದರ್ಥ. ತಯಾರಕರ ತಾಣದಿಂದ ಡ್ರೈವರ್ ಹಾಕಿದ ಕೂಡಲೇ ಅದು ಸರಿಹೋಯಿತು.

ಪೆನ್‌ಡ್ರೈವಿನಲ್ಲಿ ಬರುವ ಮದುವೆ, ಉಪನಯನಗಳ ವಿಡಿಯೊಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಅವು ತಡವರಿಸಿದಾಗ ಎಲ್ಲರೂ ಪೆನ್‌ಡ್ರೈವನ್ನೇ ದೂರುತ್ತಾರೆ. ಆದರೆ ಬ್ಲೂ-ರೇ ಡಿಸ್ಕಿನ 1080ಪಿ ವಿಡಿಯೊ ಕೂಡ ಸೆಕೆಂಡಿಗೆ 40 ಮೆಗಾಬಿಟ್ ಮೀರುವುದಿಲ್ಲ, ಹಳೆಯ ಯುಎಸ್‌ಬಿ 2ರ ಘೋಷಿತ ಮಿತಿ 480 ಮೆಗಾಬಿಟ್. ಈಗಿನ ಅನೇಕ ಫೋನುಗಳು ಎಚ್‌ಇವಿಸಿಯಲ್ಲಿ ಚಿತ್ರೀಕರಿಸುತ್ತವೆ, ಹಳೆಯ ಚಿಪ್ ಅಲ್ಲಿಯೂ ಎಡವುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ಒಮ್ಮೆ ಎಚ್.264ಕ್ಕೆ ಪರಿವರ್ತಿಸಿಟ್ಟರೆ, ಅದೇ ಯಂತ್ರದಲ್ಲಿ ವಿಎಲ್‌ಸಿ ಎಂಬ ಪ್ಲೇಯರ್ ಅದನ್ನು ನಿರಾಯಾಸವಾಗಿ ತೋರಿಸುತ್ತದೆ. ಪರಿವರ್ತನೆಗೆ ಹಳೆಯ ಲ್ಯಾಪ್‌ಟಾಪ್ ಇಡೀ ರಾತ್ರಿ ತೆಗೆದುಕೊಳ್ಳಬಹುದು, ಮಲಗುವ ಮುನ್ನ ಹಚ್ಚಿಟ್ಟರಾಯಿತು.

ನಿಮ್ಮ ಮನೆಯ ಹಿರಿಯರ ಲ್ಯಾಪ್‌ಟಾಪಿನಲ್ಲಿಯೂ ಚಿತ್ರ ಹೀಗೆಯೇ ಮುಗ್ಗರಿಸುತ್ತಿದ್ದರೆ, ಯಾವುದನ್ನೂ ಕೊಳ್ಳುವ ಮೊದಲು ಆ ಕಪ್ಪು ಫಲಕದ ಫೋಟೊ ಒಂದನ್ನು, ಜೊತೆಗೆ ಅದೇ ಹೊತ್ತಿನ ಟಾಸ್ಕ್ ಮ್ಯಾನೇಜರಿನ ಫೋಟೊ ಒಂದನ್ನು ತೆಗೆದು ನನಗೆ ಕಳುಹಿಸಿ. ವಿಡಿಯೊ ಆರಂಭಿಸಿದ ಐದನೆಯ ನಿಮಿಷದಲ್ಲಿ ಒಮ್ಮೆ, ಒಂದು ಗಂಟೆಯ ನಂತರ ಇನ್ನೊಮ್ಮೆ ತೆಗೆದರೆ ಶಾಖದ ವಿಷಯವೂ ಅದರಲ್ಲಿಯೇ ತಿಳಿಯುತ್ತದೆ.