ಬಸ್ಸು ಎಲ್ಲಿದೆ ಅನ್ನೋದನ್ನ ಯಾಕೆ ಮುಚ್ಚಿಡಬೇಕು?

ಈಗಷ್ಟೇ ಮನೆಗೆ ಬಂದೆ, ಸಿಟ್ಟು ಇನ್ನೂ ಇಳಿದಿಲ್ಲ. ಸಂಜೆ ಸ್ಟಾಪಿನಲ್ಲಿ ನಿಂತಿದ್ದೆ. ಮೊಬೈಲಿನಲ್ಲಿ ಬಸ್ಸು ಆರು ನಿಮಿಷ ಅಂತು, ಎರಡು ಅಂತು, ಆಮೇಲೆ ಮಾಯ. ರಸ್ತೆ ಕೆಲಸ ನಡೀತಿದೆ ಅಂತ ಸ್ಟಾಪನ್ನೇ ಮುಂದಿನ ಸಿಗ್ನಲ್ ಹತ್ತಿರಕ್ಕೆ ಹಾಕಿದ್ದಾರಂತೆ. ಪಕ್ಕದಲ್ಲಿ ಹೂ ಮಾರುವ ಅಮ್ಮ "ಇಲ್ಲಿ ನಿಲ್ಸಲ್ಲಮ್ಮ, ಆ ಕಡೆ ಹೋಗಿ" ಅಂತ ಬಂದವರಿಗೆಲ್ಲ ಹೇಳುತ್ತಿದ್ದರು. ಮ್ಯಾಪಿಗೆ ಹೇಳುವವರು ಯಾರೂ ಇಲ್ಲ.

ಹೇಳೋದು ಕಷ್ಟವೂ ಅಲ್ಲ. ಸ್ಟಾಪು, ರೂಟು, ಟೈಮಿನ ಮಾಹಿತಿಯನ್ನು ಯಾವ ಆ್ಯಪ್ ಬೇಕಾದರೂ ಓದುವ ಹಾಗೆ ಬರೆದಿಡೋಕೆ ಜಿಟಿಎಫ್‌ಎಸ್ ಅಂತ ಒಂದು ಮಾದರಿ ಇದೆ. ಕಾರಿಗೆ ದಾರಿ ತೋರಿಸುವ ಹಾಗೆ ಬಸ್ಸಿಗೂ ಯಾಕೆ ತೋರಿಸಬಾರದು ಅಂತ ಅಮೆರಿಕದ ಪೋರ್ಟ್‌ಲ್ಯಾಂಡ್ ಸಾರಿಗೆ ಸಂಸ್ಥೆಯ ಬಿಬಿಯಾನಾ ಮೆಕ್‌ಹ್ಯೂ 2005ರಲ್ಲಿ ಗೂಗಲ್‌ನವರ ಜೊತೆ ಸೇರಿ ಶುರು ಮಾಡಿದ್ದು. ಮೊದಲು ಹೆಸರಿನಲ್ಲೇ ಗೂಗಲ್ ಇತ್ತು, ಆಮೇಲೆ ತೆಗೆದರು. ಈಗ ಯಾರು ಬೇಕಾದರೂ ಬಳಸಬಹುದು. ಒಂದು ಜಿಪ್ ಫೈಲು, ಒಳಗೆ ಕೆಲವು ಟೆಕ್ಸ್ಟ್ ಫೈಲು: ಸ್ಟಾಪಿಗೆ, ರೂಟಿಗೆ, ಟ್ರಿಪ್ಪಿಗೆ, ಟೈಮಿಗೆ ಒಂದೊಂದು. ಅದರಲ್ಲಿ ಮೆಜೆಸ್ಟಿಕ್ ಅಂದರೆ ಒಂದು ಸಾಲು. ಒಂದು ಐಡಿ, ಹೆಸರು, ಅಕ್ಷಾಂಶ 12.977, ರೇಖಾಂಶ 77.571. ಸ್ಟಾಪು ಜಾಗ ಬದಲಾಯಿಸಿದರೆ ಈ ಕೊನೆಯ ಎರಡು ಸಂಖ್ಯೆ ತಿದ್ದಬೇಕು, ಎಕ್ಸೆಲ್ ಬಂದರೆ ಸಾಕು, ಅದನ್ನು ಓದುವ ಆ್ಯಪ್‌ಗಳೆಲ್ಲ ಹೊಸ ಜಾಗ ತೋರಿಸುತ್ತವೆ. ಬಸ್ಸು ಈ ಕ್ಷಣ ಎಲ್ಲಿದೆ ಅಂತ ತಿಳಿಸೋಕೆ ಜಿಟಿಎಫ್‌ಎಸ್ ರಿಯಲ್‌ಟೈಮ್ ಬೇರೆ ಇದೆ.

ಮಾಹಿತಿ ಎಲ್ಲರಿಗೂ ತೆರೆದಿಡಿ ಅಂದರೆ ನಮ್ಮ ಸಾರಿಗೆ ಸಂಸ್ಥೆಯವರು "ನಮ್ಮದೇ ಆ್ಯಪ್ ಇದೆಯಲ್ಲ" ಅನ್ನುತ್ತಾರೆ. ಇರಲಿ. ಬಸ್ಸಿಳಿದು ಮೆಟ್ರೊ ಹತ್ತಿ, ಮತ್ತೆ ಇನ್ನೊಂದು ಬಸ್ಸು ಹಿಡಿಯುವವರು ಎಷ್ಟು ಆ್ಯಪ್ ಇಟ್ಟುಕೊಳ್ಳಬೇಕು? ಕಣ್ಣು ಕಾಣದವರಿಗೆ ಸ್ಟಾಪಿನ ಹೆಸರು ಓದಿ ಹೇಳುವ ಆ್ಯಪ್ ಮಾಡ್ತೀವಿ ಅಂತ ಕಾಲೇಜು ಹುಡುಗರು ಬಂದರೆ ಮಾಹಿತಿ ಎಲ್ಲಿಂದ ತರಬೇಕು?

ಪುಕ್ಕಟೆ ಕೊಟ್ಟರೆ ದೊಡ್ಡ ಕಂಪನಿಗಳು ದುಡ್ಡು ಮಾಡಿಕೊಳ್ಳುತ್ತವೆ ಅನ್ನುವ ವಾದವೂ ಇದೆ. ದೊಡ್ಡವರು ಒಪ್ಪಂದ ಮಾಡಿಕೊಂಡು ಹೇಗೂ ತಗೊಳ್ಳುತ್ತಾರೆ ರೀ, ಮುಚ್ಚಿಟ್ಟರೆ ಸಿಗದೇ ಹೋಗೋದು ಈ ಹುಡುಗರಿಗೆ. ದೆಹಲಿಯ ಸಾರಿಗೆ ಇಲಾಖೆ 2018ರಲ್ಲೇ ಐಐಐಟಿ ದೆಹಲಿಯ ಜೊತೆ ಸೇರಿ ಬಸ್ಸುಗಳ ಮಾಹಿತಿಯನ್ನು ಇದೇ ಮಾದರಿಯಲ್ಲಿ ತೆರೆದಿಟ್ಟಿತು, ಬಸ್ಸು ಎಲ್ಲಿದೆ ಅನ್ನೋದನ್ನೂ ಸೇರಿಸಿ. ಅದೇ ವರ್ಷ ಕೊಚ್ಚಿ ಮೆಟ್ರೊ ಕೂಡ ಕೊಟ್ಟಿತು. ಅವರಿಗೇನು ನಷ್ಟವಾಯಿತು?

ನಮ್ಮಪ್ಪ ಕಂಡಕ್ಟರ್ ಆಗಿದ್ದರು, ನಿಮಗೆ ಗೊತ್ತು. ಡ್ಯೂಟಿ ಮುಗಿಸಿ ಮನೆಗೆ ಬರುವಾಗಲೂ ಯಾರಾದರೂ ಕೇಳಿದರೆ ನಿಂತು, ಯಾವ ಬಸ್ಸು, ಎಷ್ಟೊತ್ತಿಗೆ, ಎಲ್ಲಿ ಇಳಿಯಬೇಕು ಅಂತ ಪೂರ್ತಿ ಹೇಳಿಯೇ ಬರುತ್ತಿದ್ದರು. ಆ ಬಸ್ಸು ಜನರ ದುಡ್ಡಿನದು, ಅದರಲ್ಲಿರುವ ಜಿಪಿಎಸ್ಸೂ ಜನರ ದುಡ್ಡಿನದೇ. ಹಾಗಿರುವಾಗ ಅದು ಎಲ್ಲಿದೆ ಅಂತ ಜನರಿಗೆ ಹೇಳೋಕೆ ಯಾಕಿಷ್ಟು ಹಿಂಜರಿಕೆ ಅನ್ನೋದು ನನಗೆ ನಿಜವಾಗಲೂ ಅರ್ಥವಾಗಲ್ಲ.

ನನ್ನ ಲಿಸ್ಟಿನಲ್ಲಿ ಟೆಂಡರ್ ಬರೆಯುವವರು ಇದ್ದೀರಿ. ಮುಂದಿನ ಸಲ ಒಂದು ಸಾಲು ಸೇರಿಸಿ: ಮಾಹಿತಿ ಜಿಟಿಎಫ್‌ಎಸ್‌ನಲ್ಲಿ ಇರಬೇಕು, ಬದಲಾಗದ ಲಿಂಕಿನಲ್ಲಿ ಇರಬೇಕು, ಲಾಗಿನ್ ಕೇಳಬಾರದು. ಬರೆದುಕೊಡಿ ಅಂದರೆ ಇವತ್ತೇ ಬರೆದುಕೊಡುತ್ತೇನೆ, ಮೆಸೇಜ್ ಮಾಡಿ.