ಕೋಟೆ ಬರ್ಲತ್ತದ, ತಡೀರಿ

ನಮ್ಮ ಕಲಬುರಗಿ ಕೋಟೆಯನ್ನು ಇನ್ನು ವಿಆರ್ ಕನ್ನಡಕದಲ್ಲೇ, ಅಂದರೆ ಕಣ್ಣಿಗೆ ಕಟ್ಟಿಕೊಂಡರೆ ಅಲ್ಲೇ ನಿಂತ ಹಾಗೆ ಸುತ್ತಲೂ ತೋರಿಸೋ ಡಬ್ಬಿಯಲ್ಲೇ, ನೋಡಬಹುದು ಅನ್ನೋ ಸುದ್ದಿ ನೀವೂ ಓದಿರುತ್ತೀರಿ. ಬಹಳ ಒಳ್ಳೆಯದು. ಅಸಲಿ ಕೋಟೆ ಆಟೋದಲ್ಲಿ ಹತ್ತೇ ನಿಮಿಷದ ದಾರಿ. ಅಷ್ಟು ಹತ್ತಿರ ಇರೋದನ್ನು ಯಾರು ನೋಡುತ್ತಾರೆ?

ತಂಗಿ ಮಗನನ್ನು ಕರೆದುಕೊಂಡು ಆ ಕನ್ನಡಕದ ಮಳಿಗೆಗೆ ಹೋದೆ. ಮಳಿಗೆಯ ಹುಡುಗ ಅರ್ಧ ಕಿಲೋ ತೂಕದ ಡಬ್ಬಿಯನ್ನು ನನ್ನ ಮುಖಕ್ಕೆ ಬಿಗಿದ. ಹೊರಗೆ ಕಲಬುರಗಿಯ ಮೇ ತಿಂಗಳು. ಡಬ್ಬಿಯ ಸ್ಪಂಜಿನಲ್ಲಿ ನನಗಿಂತ ಮೊದಲು ನೋಡಿದವರ ಬೆವರು. ಅಂದಹಾಗೆ, ಆಪಲ್ ಕಂಪನಿಯ ವಿಷನ್ ಪ್ರೊ ಕನ್ನಡಕ ಬಳಸೋಕೆ ಕಂಪನಿಯೇ ಹೇಳಿರುವ ಮಿತಿ 30 ಡಿಗ್ರಿ. 3,499 ಡಾಲರಿನ ಸಾಮಾನು! ನಮ್ಮ ಬೇಸಿಗೆಯಲ್ಲಿ 30 ಡಿಗ್ರಿ ಅಂದರೆ ಸ್ವೆಟರ್ ಹುಡುಕುವ ಹೊತ್ತು.

ನೆಟ್ ಎಲ್ಲಿಂದ? ಹುಡುಗನ ಮೊಬೈಲ್ ಹಾಟ್‌ಸ್ಪಾಟಿನಿಂದ.

"ಕೋಟೆ ಬರ್ಲತ್ತದ ಸರ್, ಸ್ವಲ್ಪ ತಡೀರಿ" ಎಂದ.

ಬಹಮನಿಗಳ ಕಾಲದಿಂದ ಕದಲದೆ ನಿಂತ ಕೋಟೆ ನನಗಾಗಿ ಹೊರಟಿತ್ತು. ಮೊದಲು 1367ರ ಜಾಮಿ ಮಸೀದಿ ಬಂತು. ತೆರೆದ ಅಂಗಳವಿಲ್ಲ, ಪೂರ್ತಿ ಛಾವಣಿ, ಅದೇ ಅದರ ಹೆಚ್ಚುಗಾರಿಕೆ. ತಲೆ ಎತ್ತಿದರೆ ಛಾವಣಿಯೇ ಇನ್ನೂ ಬಂದಿಲ್ಲ.

ಬಂದ ಮೇಲೂ ಮಸುಕು. "4ಕೆ ಅದ ಸರ್!" ಎಂದ ಹುಡುಗ. ಹೌದಪ್ಪ. ಆದರೆ 4ಕೆ ಅಂದರೆ ಚಿತ್ರದ ಅಡ್ಡಕ್ಕೆ 3,840 ಚುಕ್ಕಿ, ಅವನ್ನು ಸುತ್ತ 360 ಡಿಗ್ರಿಗೂ ಹಂಚಬೇಕು. ಒಮ್ಮೆಗೆ 90 ಡಿಗ್ರಿ ಕಂಡರೆ ಕಣ್ಣಿನ ಪಾಲಿಗೆ ಬರೋದು 960. ಉಳಿದದ್ದು ಬೆನ್ನ ಹಿಂದೆ.

"ಮಾಮಾ, ತಲಿ ತಿರುಗಲತ್ತದ" ಎಂದ ನಮ್ಮ ಹುಡುಗ. ತಿರುಗದೆ ಏನು? ತಲೆ ಹೊರಳಿಸಿದ 20 ಮಿಲಿಸೆಕೆಂಡಿನೊಳಗೆ ಚಿತ್ರವೂ ಹೊರಳಬೇಕು. ತಡವಾದರೆ ಕಣ್ಣು ಒಂದು ಹೇಳುತ್ತದೆ, ಒಳಗಿವಿ ಇನ್ನೊಂದು. ಇಬ್ಬರ ಜಗಳದಲ್ಲಿ ಕೆಡೋದು ಹೊಟ್ಟೆ. ಅವನು ಬೆಳಗ್ಗೆ ತಿಂದ ಸುಸಲಾ ನನ್ನ ಚಪ್ಪಲಿ ಮೇಲೆ ಬಂತು. ಅದೊಂದು ಮಾತ್ರ ತಡವಿಲ್ಲದೆ ಬಂತು.

ನಗು ಸಾಕು. 2020ರಲ್ಲಿ ಶಾಲೆ ಮುಚ್ಚಿದಾಗ ಹಳ್ಳಿಯ ಮಕ್ಕಳು ಸಿಗ್ನಲ್ಲಿಗಾಗಿ ಮಾಳಿಗೆ ಹತ್ತಿ ನಿಂತಿದ್ದರು. ಅವರು ಕೇಳಿದ್ದು ಕನ್ನಡಕವಲ್ಲ, ಟವರ್. ಇವತ್ತಿಗೂ ಪಹಣಿಗೆ ಹೋದರೆ "ಸರ್ವರ್ ಇಲ್ಲ, ನಾಳೆ ಬಾ" ಅಂತಾರೆ. ಬಸ್ಸಿಗೆ ದುಡ್ಡು ಹೊಂದಿಸಿಕೊಂಡು ಬಂದ ಮುದುಕಿ ಮೆಟ್ಟಿಲ ಮೇಲೆ ಕೂತಿರುತ್ತಾಳೆ. ಅವಳಿಗೆ ಯಾವ ಲೋಕ ತೋರಿಸುತ್ತೀರಿ?

ಅಷ್ಟರಲ್ಲಿ ಕರೆಂಟ್ ಹೋಯಿತು. ಕನ್ನಡಕದ ಬ್ಯಾಟರಿ ಎರಡು ತಾಸಿನದು, ಅದೂ ಮುಗಿದಿತ್ತು. ದುಡ್ಡು ವಾಪಸ್ ಇಲ್ಲವಂತೆ. ಬರುವಾಗ ಆಟೋ ಕೋಟೆ ಮುಂದೆಯೇ ಹಾದು ಬಂತು. ಹುಡುಗ ನನ್ನ ತೊಡೆ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದ್ದ.